ಬೆಳ್ಳಿ ಖರೆ, ಆದ್ರೆ ನಾಣ್ಯ ಖರೆನಾ? ಅಜ್ಜಿ ಪೆಟ್ಟಿಗೆಯ ರಾಣಿ ರೂಪಾಯಿ ಪರೀಕ್ಷೆ ಮಾಡೋದು ಹೇಗೆ

  ಈ ಸಲದ ವಿಷಯ ಹಳೇ ಬೆಳ್ಳಿ ರೂಪಾಯಿ.

ರೋಣ, ನರಗುಂದ, ಗಜೇಂದ್ರಗಡ, ಈ ಮೂರು ಊರಿನ ಸುತ್ತಮುತ್ತ ಹಳೇ ಮನೆಗಳಲ್ಲಿ ಒಂದು ಗಂಟಾದರೂ ಇರುತ್ತೆ. ದೀಪಾವಳಿಯ ಲಕ್ಷ್ಮೀ ಪೂಜೆಗೆ ಹೊರಗೆ ಬರುತ್ತೆ, ಅರಿಶಿನ ಕುಂಕುಮ ಹಚ್ಚಿಸಿಕೊಂಡು ಮತ್ತೆ ಟ್ರಂಕಿಗೆ ಹೋಗುತ್ತೆ. ಅದರೊಳಗೆ ರಾಣಿ ಛಾಪದ ನಾಲ್ಕು, ರಾಜನ ಛಾಪದ ಹತ್ತು ರೂಪಾಯಿ. ತಾಂಡಾಗಳಿಗೆ ಹೋದ್ರೆ ಲಂಬಾಣಿ ಅಜ್ಜಿಯರ ಆಭರಣದಲ್ಲೂ ಇವೇ ನಾಣ್ಯ. ಬೆಳ್ಳಿ ದರ ಏರಿದಾಗೆಲ್ಲ ಈ ಗಂಟು ಬಿಚ್ಚುತ್ತೆ. "ಮಾರಿಬಿಡೋಣೇನು?" ಅನ್ನೋ ಮಾತು ಶುರುವಾಗುತ್ತೆ. ಇನ್ನೊಂದು ಕಡೆ ಫೋನಿನಲ್ಲಿ ಜಾಹೀರಾತು: "ಹಳೇ ನಾಣ್ಯ ಇದ್ಯಾ? ಲಕ್ಷಾಧಿಪತಿ ಆಗಿ!"

ಇಲ್ಲಿ ದುಡ್ಡು ಕಳೆದುಕೊಳ್ಳೋಕೆ ಎರಡು ದಾರಿ ಇದೆ. ಒಳ್ಳೆ ನಾಣ್ಯವನ್ನ ಅಗ್ಗಕ್ಕೆ ಕರಗಿಸೋಕೆ ಕೊಡೋದು ಒಂದು. ಖೋಟಾ ನಾಣ್ಯವನ್ನ ಕಥೆ ಕೇಳಿ ದುಬಾರಿಗೆ ಕೊಳ್ಳೋದು ಇನ್ನೊಂದು. ಎರಡಕ್ಕೂ ಮದ್ದು ಒಂದೇ: ಎರಡು ಪ್ರಶ್ನೆಗಳನ್ನ ಬೇರೆ ಬೇರೆ ಇಟ್ಟುಕೊಳ್ಳಬೇಕು. "ಇದು ಬೆಳ್ಳಿನಾ?" ಅನ್ನೋದು ಒಂದು ಪ್ರಶ್ನೆ. "ಇದು ಟಂಕಸಾಲೆಯಲ್ಲಿ ಅಚ್ಚಾದ ನಾಣ್ಯನಾ?" ಅನ್ನೋದು ಬೇರೆ ಪ್ರಶ್ನೆ. ಮೊದಲನೇದಕ್ಕೆ ಹೌದು ಅಂದ ತಕ್ಷಣ ಎರಡನೇದಕ್ಕೂ ಹೌದು ಅಂದ ಹಾಗಲ್ಲ. ಇವತ್ತಿನ ಇಡೀ ಮಾತು ಇಷ್ಟೇ. ಉಳಿದದ್ದು ವಿವರ.

ನಮ್ಮ ನೆಲಕ್ಕೆ ನಾಣ್ಯ ಹೊಸದಲ್ಲ

ಗಜೇಂದ್ರಗಡದ ಪಕ್ಕದ ಸೂಡಿ ಗೊತ್ತಲ್ಲ? ಜೋಡು ಕಳಸದ ಗುಡಿ, ಕಲ್ಲಿನ ಬಾವಿ ನೋಡೋಕೆ ಬೈಕ್ ಹತ್ತಿ ಹೋಗ್ತೀವಲ್ಲ, ಅದೇ. ಕಲ್ಯಾಣ ಚಾಲುಕ್ಯರ ಕಾಲಕ್ಕೆ ಅಲ್ಲಿ ಟಂಕಸಾಲೆ ಇತ್ತು. ಲಕ್ಕುಂಡಿಯಲ್ಲಿ ಇನ್ನೊಂದು. ಅಂದ್ರೆ ಸುಮಾರು ಸಾವಿರ ವರ್ಷದ ಹಿಂದೆಯೇ ನಮ್ಮ ಜಿಲ್ಲೆಯಲ್ಲಿ ನಾಣ್ಯ ಅಚ್ಚಾಗ್ತಿತ್ತು.

ಆಮೇಲೆ ಮರಾಠರು, ನಿಜಾಮ, ಟಿಪ್ಪು. 1785ರಲ್ಲಿ ಟಿಪ್ಪುವಿನ ಸೈನ್ಯ ನರಗುಂದದ ಕೋಟೆ ಹಿಡಿಯಿತು. 1787ರಲ್ಲಿ ಮರಾಠರಿಗೂ ಟಿಪ್ಪುಗೂ ಆದ ಒಪ್ಪಂದಕ್ಕೆ ಗಜೇಂದ್ರಗಡದ ಹೆಸರೇ ಇದೆ. ಆ ಒಪ್ಪಂದದಲ್ಲಿ ಟಿಪ್ಪು ಮರಾಠರಿಗೆ ಲಕ್ಷಗಟ್ಟಲೆ ರೂಪಾಯಿ ಕೊಡೋಕೆ ಒಪ್ಪಿದ. ಈಗ ಕಾಮರ್ಸ್ ಓದಿದವನ ಪ್ರಶ್ನೆ: ಯಾವ ರೂಪಾಯಿ? ಯಾಕಂದ್ರೆ ಆಗ ರೂಪಾಯಿ ಅಂದ್ರೆ ಒಂದೇ ಇರಲಿಲ್ಲ. ಟಿಪ್ಪುವಿನ ರೂಪಾಯಿಗೆ ಇಮಾಮಿ ಅಂತ ಹೆಸರು, ಎರಡು ರೂಪಾಯಿಯ ದೊಡ್ಡ ನಾಣ್ಯಕ್ಕೆ ಹೈದರಿ. ಬಾಗಲಕೋಟೆಯಲ್ಲಿ ರಾಸ್ತೆ ಮನೆತನದ ಕಾಲದ ಮಲ್ಹಾರಶಾಹಿ ರೂಪಾಯಿ. ಒಂದೊಂದರ ತೂಕ, ಬೆಳ್ಳಿ ಒಂದೊಂದು ಥರ. ಒಂದನ್ನ ಇನ್ನೊಂದಕ್ಕೆ ಬದಲಾಯಿಸುವಾಗ ಸರಾಫರು ವಟ್ಟ ಹಿಡೀತಿದ್ದರು. ನಾಣ್ಯ ಪರೀಕ್ಷೆ ಅನ್ನೋದು ಆಗ ಹವ್ಯಾಸ ಅಲ್ಲ, ದಿನದ ವ್ಯಾಪಾರ.

ಆ ಗೊಂದಲಕ್ಕೆ ಕೊನೆ ಹಾಡಿದ್ದು 1835ರ ನಾಣ್ಯ ಕಾಯ್ದೆ. ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಇರೋ ಕಡೆಗೆಲ್ಲ ಒಂದೇ ರೂಪಾಯಿ: ತೂಕ 180 ಗ್ರೇನ್, ಅಂದ್ರೆ 11.66 ಗ್ರಾಂ. 12 ಪಾಲಿನಲ್ಲಿ 11 ಪಾಲು ಬೆಳ್ಳಿ, ಶೇಕಡಾ 91.67. ಈ ಎರಡು ಸಂಖ್ಯೆ ಫೋನಿನಲ್ಲಿ ಬರೆದಿಟ್ಟುಕೊಳ್ಳಿ, ಮುಂದೆ ಪದೇ ಪದೇ ಬೇಕಾಗುತ್ತೆ.

ಇನ್ನೊಂದು ಸ್ವಾರಸ್ಯ. 11.66 ಗ್ರಾಂ ಅಂದ್ರೆ ಸರಿಯಾಗಿ ಒಂದು ತೊಲಿ. ಅದಕ್ಕೇ ಪತ್ತಾರರು ರೂಪಾಯಿಯನ್ನೇ ತಕ್ಕಡಿಯಲ್ಲಿ ತೂಕದ ಬಟ್ಟಾಗಿ ಇಡ್ತಿದ್ದರು. ಈಗ ಮಾರ್ಕೆಟ್‌ನಲ್ಲಿ ತೊಲಿ ಅಂದ್ರೆ 10 ಗ್ರಾಂ ಅನ್ನೋದು ರೂಢಿ. ನೀವು "50 ತೊಲಿ" ಅಂತ 50 ನಾಣ್ಯ ಒಯ್ದರೆ ಅಲ್ಲಿ ಇರೋದು 500 ಗ್ರಾಂ ಅಲ್ಲ, 583 ಗ್ರಾಂ. 83 ಗ್ರಾಂ ಬರೀ ಒಂದು ಶಬ್ದದಲ್ಲಿ ಹೋಗಬಾರದು. ಹಾಗಾಗಿ ಗ್ರಾಂನಲ್ಲೇ ಮಾತಾಡಿ.

ಮೊದಲು ವರ್ಷ ಓದಿ

ತಕ್ಕಡಿ ತರೋಕ್ಕಿಂತ ಮುಂಚೆ ಖರ್ಚಿಲ್ಲದ ಪರೀಕ್ಷೆ ಒಂದಿದೆ: ಇಸವಿ. ಒಂದು ರೂಪಾಯಿ ನಾಣ್ಯ ಎಲ್ಲ ವರ್ಷವೂ ಬರಲಿಲ್ಲ.

• ಕಂಪನಿ ಕಾಲದ ಈ ಏಕರೂಪದ ರೂಪಾಯಿಯ ಮೇಲೆ ಎರಡೇ ಇಸವಿ: 1835 (ನಾಲ್ಕನೇ ವಿಲಿಯಂ) ಮತ್ತು 1840 (ವಿಕ್ಟೋರಿಯಾ). 1840 ಅನ್ನೋ ಇಸವಿಯನ್ನೇ ಇಟ್ಟುಕೊಂಡು ಮುಂದಿನ ಎರಡು ದಶಕ ಅಚ್ಚು ಹಾಕಿದರು.
• ಬ್ರಿಟಿಷ್ ರಾಣಿಯ ನೇರ ಆಡಳಿತ ಬಂದ ಮೇಲೆ 1862. ಇದೂ ಹಾಗೇ, 1862 ಅಂತಲೇ 1874ರ ತನಕ ನಡೀತು. ಆಮೇಲೆ ವರ್ಷ ವರ್ಷದ ಇಸವಿ.
• 1876ರ ತನಕ 'ವಿಕ್ಟೋರಿಯಾ ಕ್ವೀನ್', 1877ರಿಂದ 1901ರ ತನಕ 'ವಿಕ್ಟೋರಿಯಾ ಎಂಪ್ರೆಸ್'.
• 1903ರಿಂದ 1910: ಏಳನೇ ಎಡ್ವರ್ಡ್, ಕಿರೀಟ ಇಲ್ಲದ ಬೋಳು ತಲೆ.
• 1911ರಿಂದ 1922: ಐದನೇ ಜಾರ್ಜ್.
• 1938, 1939: ಆರನೇ ಜಾರ್ಜ್, ಹಳೇ ಗುಣಮಟ್ಟದ ಬೆಳ್ಳಿ. ಇದರಲ್ಲಿ 1939 ಭಾಳ ಅಪರೂಪ.
• 1940ರಿಂದ 1945: ಅದೇ ರಾಜ, ಆದ್ರೆ ಬೆಳ್ಳಿ ಅರ್ಧ ಮಾತ್ರ, ಶೇಕಡಾ 50.
• 1947: ಹುಲಿ ಇರೋ ನಿಕ್ಕಲ್ ರೂಪಾಯಿ. ಬೆಳ್ಳಿ ಸೊನ್ನೆ.

ಈಗ ಇದರ ಉಪಯೋಗ ನೋಡ್ರಿ. 1858ರಲ್ಲಿ ನರಗುಂದದ ಬಾಬಾಸಾಹೇಬ ಬ್ರಿಟಿಷರ ವಿರುದ್ಧ ಎದ್ದು ನಿಂತ ಕಥೆ ನಮಗೆಲ್ಲ ಗೊತ್ತು. ಯಾರೋ ಬಂದು "ಇದು ನರಗುಂದ ಬಂಡಾಯದ ವರ್ಷದ್ದೇ ಕಂಪನಿ ಬೆಳ್ಳಿ ರೂಪಾಯಿ, ಇಸವಿ ನೋಡಿ, 1858" ಅಂದ್ರೆ? ಕಥೆ ಎದೆಗೆ ತಟ್ಟುತ್ತೆ. ಆದ್ರೆ 1858ರ ಇಸವಿಯ ಕಂಪನಿ ಬೆಳ್ಳಿ ರೂಪಾಯಿ ಇಲ್ಲವೇ ಇಲ್ಲ. ಆ ವರ್ಷ ಜನರ ಕೈಯಲ್ಲಿ ಓಡಾಡ್ತಿದ್ದ ಕಂಪನಿ ರೂಪಾಯಿಯ ಮೇಲೆ 1840 ಅಥವಾ 1835 ಅಂತಲೇ ಇತ್ತು. 1858ರ ತಾಮ್ರದ ಕಾಲಾಣೆ ಇದೆ, ಬೆಳ್ಳಿ ರೂಪಾಯಿ ಇಲ್ಲ. ಹಾಗೇ 1868ರ ರೂಪಾಯಿ ಇಲ್ಲ, 1930ರ ರೂಪಾಯಿ ಇಲ್ಲ. 1862ರ ನಾಣ್ಯದ ಮೇಲೆ 'ಎಂಪ್ರೆಸ್' ಅಂತ ಇದ್ದರೆ ಅದೂ ಖೋಟಾ.

ರಾಮ ದರ್ಬಾರ್, ಹನುಮಂತ ಇರೋ, 1616, 1717, 1818 ಅಂತೆಲ್ಲ ಬರೆದಿರೋ 'ಈಸ್ಟ್ ಇಂಡಿಯಾ ಕಂಪನಿ' ನಾಣ್ಯಗಳ ವಿಡಿಯೋ ನೀವೂ ನೋಡಿರ್ತೀರಿ. ಕಂಪನಿ ಮದರಾಸಿನಲ್ಲಿ ದೇವರ ಚಿತ್ರದ ಚಿನ್ನದ ವರಹ ಹಾಕಿಸಿದ್ದು ನಿಜ. ಆದ್ರೆ ಈ ರಾಮ ದರ್ಬಾರ್ ಬಿಲ್ಲೆಗಳು ಕಂಪನಿಯ ನಾಣ್ಯ ಅಲ್ಲ, ಕ್ಷೇತ್ರಗಳ ಮುಂದೆ ಮಾರೋ ಪೂಜೆಯ ಟೋಕನ್‌ಗಳು. ಪೂಜೆಗೆ ಇಟ್ಟುಕೊಳ್ಳಿ, ಲಕ್ಷ ಕೊಡಬೇಡಿ. ಅಕ್ಕಿ ಎಳೆಯುತ್ತೆ ಅನ್ನೋ 'ರೈಸ್ ಪುಲ್ಲಿಂಗ್' ನಾಣ್ಯ ಅಂತೂ ಶುದ್ಧ ಮೋಸ.

ತಕ್ಕಡಿ, ಒಂದು ಲೋಟ ನೀರು

ಎರಡನೇ ಹಂತಕ್ಕೆ 0.01 ಗ್ರಾಂ ತೋರಿಸೋ ಸಣ್ಣ ಡಿಜಿಟಲ್ ತಕ್ಕಡಿ ಬೇಕು. ಹೊಸ ನಾಣ್ಯ 11.66 ಗ್ರಾಂ, ಕೈಯಿಂದ ಕೈಗೆ ಸವೆದದ್ದು 11.4, 11.5 ಇರಬಹುದು. ಸವೆತವೇ ಕಾಣದ ನಾಣ್ಯ 10.2 ಗ್ರಾಂ ತೂಗಿದರೆ ಅನುಮಾನ ಪಡಿ. ದೀಪಾವಳಿಗೆ ಅಂತ ಹೊಸದಾಗಿ ಮಾಡಿದ ರಾಣಿ ಮುಖದ ಬೆಳ್ಳಿ ಬಿಲ್ಲೆಗಳು ಎಷ್ಟೋ ಸಲ ಸರಿಯಾಗಿ 10 ಗ್ರಾಂ ಇರುತ್ತವೆ. ಆ ದುಂಡು ಸಂಖ್ಯೆಯೇ ಅವುಗಳ ಗುರುತು. 1835ರ ಜನ ಗ್ರಾಂ ಲೆಕ್ಕದಲ್ಲಿ ನಾಣ್ಯ ಮಾಡಲಿಲ್ಲ. ಅಗಲವನ್ನೂ ಅಳೆಯಿರಿ, ಸುಮಾರು 30.5 ಮಿಲಿಮೀಟರ್ ಬರಬೇಕು.

ಮ್ಯಾಗ್ನೆಟ್? 1947ರ ನಿಕ್ಕಲ್ ರೂಪಾಯಿ ಅಂಟಿಕೊಳ್ಳುತ್ತೆ, ಬೆಳ್ಳಿ ಅಂಟಿಕೊಳ್ಳಲ್ಲ. ಆದ್ರೆ ಹಿತ್ತಾಳೆ, ಸೀಸ, ಜರ್ಮನ್ ಸಿಲ್ವರ್ ಕೂಡ ಅಂಟಿಕೊಳ್ಳಲ್ಲ. ಅಂಟಿದರೆ ಬೆಳ್ಳಿ ಅಲ್ಲ, ಅಷ್ಟು ಹೇಳಬಹುದು. ಅಂಟಲಿಲ್ಲ ಅಂದ್ರೆ ಏನೂ ಸಾಬೀತಾಗಲಿಲ್ಲ.

ಇದಕ್ಕಿಂತ ಗಟ್ಟಿ ಪರೀಕ್ಷೆ ನೀರಿಂದು. ತಕ್ಕಡಿ ಮೇಲೆ ನೀರಿರೋ ಲೋಟ ಇಡಿ, ಸೊನ್ನೆಗೆ ತನ್ನಿ. ನಾಣ್ಯಕ್ಕೆ ತೆಳ್ಳನೆ ದಾರ ಕಟ್ಟಿ ನೀರಲ್ಲಿ ಪೂರ್ತಿ ಮುಳುಗಿಸಿ. ತಳ, ಅಂಚು ತಾಗಬಾರದು, ಗಾಳಿ ಗುಳ್ಳೆ ಇರಬಾರದು. ಈಗ ತಕ್ಕಡಿ ತೋರಿಸೋ ಸಂಖ್ಯೆ ಬರೆದುಕೊಳ್ಳಿ. ನಾಣ್ಯದ ತೂಕವನ್ನ ಆ ಸಂಖ್ಯೆಯಿಂದ ಭಾಗಿಸಿ.

91.67ರ ಬೆಳ್ಳಿ ಆದ್ರೆ ಓದು ಸುಮಾರು 1.13 ಬರುತ್ತೆ, ಭಾಗಾಕಾರ 10.3ರ ಆಸುಪಾಸು. 1940–45ರ ಅರ್ಧ ಬೆಳ್ಳಿಗೆ 9.5ರ ಆಸುಪಾಸು. ಹಿತ್ತಾಳೆ, ಜರ್ಮನ್ ಸಿಲ್ವರ್ ಆದ್ರೆ 8.4ರಿಂದ 8.8ರ ಒಳಗೆ. ಸೀಸ ಆದ್ರೆ 11.3. ಹೈಸ್ಕೂಲಿನ ಆರ್ಕಿಮಿಡೀಸ್ ತತ್ವ ಅಷ್ಟೇ. ನಾಣ್ಯಕ್ಕೆ ಗೀರೂ ಇಲ್ಲ, ಆಸಿಡ್ಡೂ ಇಲ್ಲ.

ಒರೆಗಲ್ಲಿಗೆ ತಿಕ್ಕಿ ನೋಡಿದರೆ ನಾಣ್ಯದ ಅಂಚು ಹಾಳಾಗುತ್ತೆ. ದೊಡ್ಡ ಅಂಗಡಿಯ ಕ್ಯಾರೆಟ್ ಮೀಟರ್ ಒಳ್ಳೇದೇ, ಆದ್ರೆ ಅದು ಓದೋದು ಮೇಲ್ಮೈಯನ್ನ. ದಪ್ಪ ಬೆಳ್ಳಿ ಲೇಪ ಇದ್ದರೆ ಮೋಸ ಹೋಗಬಹುದು. ಹಾಗಾಗಿ ಮೀಟರ್ ಜೊತೆ ನೀರಿನ ಲೆಕ್ಕವೂ ಇರಲಿ.

ಈಗ ಎರಡನೇ ಪ್ರಶ್ನೆ

ಇಲ್ಲಿಯ ತನಕ ಕೇಳಿದ್ದು "ಬೆಳ್ಳಿನಾ?" ಅಂತ. ಯಾರಾದ್ರೂ 92.5ರ ಒಳ್ಳೆ ಬೆಳ್ಳಿ ಕರಗಿಸಿ, ಅಸಲಿ ನಾಣ್ಯದಿಂದ ಅಚ್ಚು ತೆಗೆದು, 11.6 ಗ್ರಾಂನ 1939ರ ರೂಪಾಯಿ ಎರಕ ಹೊಯ್ದರೆ? ತಕ್ಕಡಿ ಪಾಸ್, ನೀರು ಪಾಸ್, ಕ್ಯಾರೆಟ್ ಮೀಟರ್ ಪಾಸ್. ಬೆಳ್ಳಿ ಖರೆ, ನಾಣ್ಯ ಖೋಟಾ. ಸಾಮಾನ್ಯ ವರ್ಷದ ನಾಣ್ಯಕ್ಕೆ ಯಾರೂ ಇಷ್ಟು ಕಷ್ಟ ಪಡಲ್ಲ. ಅಪರೂಪದ ವರ್ಷಕ್ಕೆ ಪಡ್ತಾರೆ, ಯಾಕಂದ್ರೆ ಅಲ್ಲಿ ಬೆಲೆ ಬೆಳ್ಳಿಯದಲ್ಲ, ಇಸವಿಯದು. ಇಲ್ಲಿ ಕಣ್ಣು ಬೇಕು, ಫೋನಿನ ಕ್ಯಾಮೆರಾ ಜೂಮ್ ಬೇಕು.

ಅಚ್ಚು ಒತ್ತಿದ ನಾಣ್ಯದಲ್ಲಿ ಅಕ್ಷರದ ಅಂಚು ಚೂಪು, ಬಯಲು ಭಾಗ ನಯ. ಎರಕದ್ದರಲ್ಲಿ ಅಕ್ಷರ ಬೆಣ್ಣೆ ಕರಗಿದ ಹಾಗೆ ಮೊಂಡು, ಬಯಲಿನಲ್ಲಿ ಸೂಜಿಮೊನೆಯಷ್ಟು ಗುಳಿ ಅಥವಾ ಗುಳ್ಳೆ. ಆಮೇಲೆ ಅಂಚು ನೋಡಿ. ಸುತ್ತಲಿನ ಹಲ್ಲು ಸಮನಾಗಿರಬೇಕು. ಎರಡು ಅರ್ಧ ಕೂಡಿಸಿದ ಗೆರೆ, ಅರ ಹಾಕಿ ತಿಕ್ಕಿದ ಗುರುತು ಕಂಡರೆ ಅಲ್ಲಿಗೇ ನಿಲ್ಲಿಸಿ. 1940–45ರ ನಾಣ್ಯದ ಅಂಚಿನ ನಡುವೆ ಒಂದು ವಿಶೇಷ ಗೆರೆ ಇರುತ್ತೆ. ಖೋಟಾ ತಡೆಯೋಕೆ ಅಂತಲೇ ಸರ್ಕಾರ ಹಾಕಿದ್ದು.

ಇಸವಿಯ ಕೊನೆಯ ಅಂಕಿಯನ್ನ ಪ್ರತ್ಯೇಕವಾಗಿ ನೋಡಿ. 1938ರ 8ನ್ನ ಕೆತ್ತಿ 9 ಮಾಡಿದರೆ ಆ ಅಂಕಿಯ ಸುತ್ತ ಬಣ್ಣ, ನಯ, ಎತ್ತರ ಉಳಿದ ಮೂರು ಅಂಕಿಗಿಂತ ಬೇರೆ ಕಾಣುತ್ತೆ.

ಇನ್ನೊಂದು ಚಂದದ ಉಪಾಯ: ಮಾರುವವನ ಹತ್ತಿರ ಅದೇ ವರ್ಷದ ಎರಡು ನಾಣ್ಯ ಇದ್ದರೆ ಎರಡೂ ಪಕ್ಕ ಪಕ್ಕ ಇಡಿ. ರಾಜನ ಕೆನ್ನೆ ಮೇಲಿನ ಗೀರು ಎರಡರಲ್ಲೂ ಅದೇ ಜಾಗದಲ್ಲಿ, ಅದೇ ಉದ್ದಕ್ಕೆ ಇದ್ಯಾ? ಎರಡು ನಾಣ್ಯ ಬೇರೆ ಬೇರೆ ಜೇಬಲ್ಲಿ ನೂರು ವರ್ಷ ಓಡಾಡಿ ಒಂದೇ ಗೀರು ಪಡೆಯೋಕೆ ಸಾಧ್ಯವಿಲ್ಲ. ಎರಡೂ ಒಂದೇ ಅಚ್ಚಿನ ಎರಕ.

ಅಮೆರಿಕದ ಡಾಲರ್, ಅಜ್ಜನ ರೂಪಾಯಿ

"ಅಮೆರಿಕದ ಹಳೇ ಡಾಲರ್ ಬಗ್ಗೆ ಹೇಳಿ, ಆನ್‌ಲೈನ್‌ನಲ್ಲಿ ಸಿಗ್ತಾ ಇದೆ" ಅಂತ ಕೇಳೋರೂ ಇದ್ದೀರಿ. ಮೊದಲು ಒಂದು ನೆಂಟಸ್ತಿಕೆ ಹೇಳ್ತೀನಿ. ಮೊದಲ ಮಹಾಯುದ್ಧದ ಹೊತ್ತಿಗೆ ಭಾರತದಲ್ಲಿ ಬೆಳ್ಳಿ ರೂಪಾಯಿಗೆ ಬರ ಬಂತು. ಜನ ನೋಟು ಕೊಟ್ಟು ಬೆಳ್ಳಿ ಕೇಳಿದರು, ಸಿಕ್ಕದ್ದನ್ನ ಮನೆಯಲ್ಲಿ ಇಟ್ಟುಕೊಂಡರು. 1917ರಲ್ಲಿ ಒಂದು ರೂಪಾಯಿ ನೋಟು ಬಂದದ್ದೇ ಈ ಇಕ್ಕಟ್ಟಿಗೆ. 1918ರ ಏಪ್ರಿಲ್‌ನಲ್ಲಿ ಅಮೆರಿಕ ಪಿಟ್‌ಮನ್ ಕಾಯ್ದೆ ಮಾಡಿ ತನ್ನ ಖಜಾನೆಯ 27 ಕೋಟಿಗೂ ಹೆಚ್ಚು ಬೆಳ್ಳಿ ಡಾಲರ್ ಕರಗಿಸಿತು. ಅದರಲ್ಲಿ ಸುಮಾರು 25.9 ಕೋಟಿ ನಾಣ್ಯಗಳ ಬೆಳ್ಳಿ ಬ್ರಿಟನ್‌ಗೆ ಮಾರಾಟವಾಯ್ತು, ಭಾರತದ ರೂಪಾಯಿಗೆ. ಹಾಗಾಗಿ ನಿಮ್ಮ ಮನೆಯ 1918–20ರ ಜಾರ್ಜ್ ರೂಪಾಯಿಯಲ್ಲಿ ಕರಗಿದ ಅಮೆರಿಕನ್ ಡಾಲರ್ ಇರಬಹುದು.

ಇನ್ನು ಅಮೆರಿಕದ ಮೊದಮೊದಲ ಡಾಲರ್‌ಗಳು. ಮೊಟ್ಟಮೊದಲ 1794ರದ್ದು 1,758 ಮಾತ್ರ ಹೊರಬಂದವು. ಅದರಲ್ಲೊಂದು 2013ರ ಜನವರಿಯಲ್ಲಿ ಒಂದು ಕೋಟಿ ಡಾಲರ್‌ಗೂ ಹೆಚ್ಚಿಗೆ ಹರಾಜಾಯ್ತು. 1804 ಅಂತ ಬರೆದಿರೋ ಡಾಲರ್ ಅಂತೂ ಇನ್ನೂ ವಿಚಿತ್ರ: ಅವು ಅಚ್ಚಾಗೋಕೆ ಶುರುವಾಗಿದ್ದು 1834ರಲ್ಲಿ, ಸಿಯಾಮ್‌ನ ರಾಜ ಮತ್ತು ಮಸ್ಕತ್‌ನ ದೊರೆಯಂಥವರಿಗೆ ಉಡುಗೊರೆ ಕೊಡೋಕೆ. ಜಗತ್ತಿನಲ್ಲಿ ಗೊತ್ತಿರೋದು ಕೆಲವೇ ಕೆಲವು. ಅವುಗಳಲ್ಲಿ ಹೆಚ್ಚಿನವು ಎಲ್ಲೆಲ್ಲಿ ಕೈ ಬದಲಾಯಿಸಿದವು ಅನ್ನೋದರ ದಾಖಲೆ ಇದೆ. ಈಗ ಹೇಳಿ, ಅಂಥದ್ದೊಂದು ನಿಮ್ಮ ಫೋನಿನ ಆ್ಯಪ್‌ನಲ್ಲಿ 499 ರೂಪಾಯಿಗೆ, ಫ್ರೀ ಡೆಲಿವರಿ ಜೊತೆ ಯಾಕೆ ಬರುತ್ತೆ?

ಪರೀಕ್ಷೆಯ ಕ್ರಮ ಅಲ್ಲಿಯದೂ ನಮ್ಮದೇ. ತೂಕ 26.96 ಗ್ರಾಂ ಬರಬೇಕು. ಅಂಚು ನೋಡಬೇಕು. 1803ರ ತನಕದ ಡಾಲರ್‌ಗೆ ಅಂಚಿನ ಸುತ್ತ ಅಕ್ಷರಗಳಿವೆ, ಗೀರುಹಲ್ಲು ಇದ್ದರೆ ಖೋಟಾ. ನಕಲಿಗೆ 'ಕಾಪಿ' ಅಂತ ಮುದ್ರೆ ಒತ್ತಬೇಕು ಅಂತ ಅಮೆರಿಕದಲ್ಲಿ 1973ರಿಂದ ಕಾನೂನಿದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿ ದರ್ಜೆ ಬರೆದು ಕೊಡೋ ಸಂಸ್ಥೆಗಳೂ ಇವೆ. ಆದ್ರೆ ಆ ಡಬ್ಬಿಯನ್ನೂ ನಕಲು ಮಾಡ್ತಾರೆ. ಡಬ್ಬಿಯ ಮೇಲಿನ ನಂಬರನ್ನ ಆ ಸಂಸ್ಥೆಯ ವೆಬ್‌ಸೈಟ್‌ನಲ್ಲಿ ಹಾಕಿ, ಅಲ್ಲಿಯ ಫೋಟೋಗೂ ಕೈಯಲ್ಲಿರೋ ನಾಣ್ಯಕ್ಕೂ ಹೋಲಿಸಿ ನೋಡಬೇಕು.

ಮಾರೋದಾದ್ರೆ ಲೆಕ್ಕ ಹೀಗೆ

ಅಂಗಡಿಗೆ ಹೋಗೋ ಮುಂಚೆ ಮನೆಯಲ್ಲೇ ಮೂರು ರಾಶಿ ಮಾಡಿ. 1939ರ ತನಕದ್ದು ಒಂದು, 1940–45 ಇನ್ನೊಂದು, 1947 ಮೂರನೇದು. ಮೊದಲ ರಾಶಿಯ ಪ್ರತಿ ನಾಣ್ಯದಲ್ಲಿ ಶುದ್ಧ ಬೆಳ್ಳಿ 10.69 ಗ್ರಾಂ. ಎರಡನೇದರಲ್ಲಿ 5.83 ಗ್ರಾಂ. ಮೂರನೇದರಲ್ಲಿ ಇಲ್ಲ. ಸವೆತಕ್ಕೆ ಸ್ವಲ್ಪ ಕಡಿಮೆ ಹಿಡಿಯಿರಿ.

50 ನಾಣ್ಯದಲ್ಲಿ 30 ಹಳೇವು, 20 ಅರ್ಧ ಬೆಳ್ಳಿ ಅಂದುಕೊಳ್ಳಿ. 320.7 ಮತ್ತು 116.6, ಒಟ್ಟು 437.3 ಗ್ರಾಂ ಶುದ್ಧ ಬೆಳ್ಳಿ. ಎಲ್ಲವನ್ನೂ ಒಂದೇ ಗಂಟಲ್ಲಿ ಒಯ್ದು, "ಇದು ಅರ್ಧ ಬೆಳ್ಳಿ ಮಾಲು" ಅನ್ನೋ ಮಾತಿಗೆ ಒಪ್ಪಿದರೆ ಸಿಗೋದು 291.5 ಗ್ರಾಂ ಲೆಕ್ಕ. ವ್ಯತ್ಯಾಸ 145.8 ಗ್ರಾಂ. ಆ ದಿನದ ಗ್ರಾಂ ದರಕ್ಕೆ ಗುಣಿಸಿ ನೋಡಿ, ಸಣ್ಣ ಮೊತ್ತ ಅಲ್ಲ.

ಇದು ಲೋಹದ ಬೆಲೆ. ಸಂಗ್ರಹದ ಬೆಲೆ ಬೇರೆ. ಹೆಚ್ಚಿನ ರೂಪಾಯಿಗಳು ಕೋಟಿಗಟ್ಟಲೆ ಅಚ್ಚಾದವು. ಸವೆದದ್ದಾದ್ರೆ ಬೆಳ್ಳಿಗಿಂತ ಸ್ವಲ್ಪವೇ ಹೆಚ್ಚು ಸಿಗುತ್ತೆ. ಬೇರೆ ತೆಗೆದಿಡಬೇಕಾದ್ದು ಅಪರೂಪದ ವರ್ಷ, ಸವೆಯದ ನಾಣ್ಯ. ಉದಾಹರಣೆಗೆ 1911ರದ್ದು: ರಾಜನ ನಿಲುವಂಗಿಯ ಮೇಲಿನ ಆನೆ ಹಂದಿಯ ಹಾಗೆ ಕಾಣುತ್ತೆ ಅಂತ ಗಲಾಟೆಯಾಗಿ, ಸರ್ಕಾರ ಬಹುಪಾಲು ನಾಣ್ಯ ಕರಗಿಸಿ 1912ರಲ್ಲಿ ಆನೆಯ ಚಿತ್ರ ತಿದ್ದಿತು. 1911 ಸಿಕ್ಕರೆ ಗುಂಪಿನಲ್ಲಿ ಮಾರಬೇಡಿ.

ದಯವಿಟ್ಟು ಹುಣಸೆಹಣ್ಣು, ವಿಭೂತಿ, ಟೂತ್‌ಪೇಸ್ಟ್ ಹಾಕಿ ತಿಕ್ಕಬೇಡಿ. ದೇವರ ಮುಂದೆ ಹೊಳೆಯಲಿ ಅಂತ ಮನೆಯಲ್ಲಿ ತಿಕ್ತಾರೆ, ಅದು ಭಕ್ತಿ. ಆದ್ರೆ ಸಂಗ್ರಹಕಾರನಿಗೆ ಆ ಕಪ್ಪು ಪದರವೇ ವಯಸ್ಸಿನ ಸಾಕ್ಷಿ. ಸರಕ್ಕೆ ಕೊಂಡಿ ಬೆಸೆದ ನಾಣ್ಯಕ್ಕೂ ತೂತು ಹಾಕಿದ್ದಕ್ಕೂ ಸಂಗ್ರಹದ ಬೆಲೆ ಕಡಿಮೆ. ಅಂಥವನ್ನ ಕರಗಿಸೋಕ್ಕಿಂತ ಸರವಾಗಿಯೇ ಉಳಿಸೋದು ಒಳ್ಳೇದು. ನಾಣ್ಯದ ಬೆಲೆ ಹೋದರೂ ಮನೆತನದ ಗುರುತು ಅಲ್ಲೇ ಇರುತ್ತೆ.

ಕಾನೂನು, ಮೋಸ, ಕೊನೆಯ ಮಾತು

ಹೊಲ ಉಳುವಾಗ, ಪಾಯ ತೆಗೆಯುವಾಗ ನಾಣ್ಯದ ಗಡಿಗೆ ಸಿಕ್ಕರೆ ಅದು ಪೆಟ್ಟಿಗೆಯ ನಾಣ್ಯದ ಹಾಗಲ್ಲ. ರಾಜ್ಯದ 1962ರ ನಿಧಿ ಕಾಯ್ದೆ ಇದೆ, ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು. ಸೂಡಿ, ಲಕ್ಕುಂಡಿಯಂಥ ಜಾಗದಲ್ಲಿ ಸಿಕ್ಕ ನಾಣ್ಯ ಎಲ್ಲಿ, ಯಾವ ಮಣ್ಣಲ್ಲಿ ಸಿಕ್ತು ಅನ್ನೋದೇ ಅರ್ಧ ಇತಿಹಾಸ. ಹಂಚಿಕೊಂಡು ಕರಗಿಸಿದರೆ ಅದು ವಾಪಸ್ ಬರಲ್ಲ. ಇನ್ನು 100 ವರ್ಷ ದಾಟಿದ ನಾಣ್ಯ 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು. ಅದನ್ನ ಹಾಗೇ ವಿದೇಶಕ್ಕೆ ಕಳಿಸೋ ಹಾಗಿಲ್ಲ.

ಜಾಹೀರಾತಿನ ವಿಷಯಕ್ಕೆ ಬಂದ್ರೆ, ತನ್ನ ಹೆಸರು ಹೇಳಿಕೊಂಡು ಹಳೇ ನೋಟು, ನಾಣ್ಯ ಮಾರಾಟಕ್ಕೆ ಶುಲ್ಕ, ಕಮಿಷನ್, ತೆರಿಗೆ ಕೇಳೋರನ್ನ ನಂಬಬೇಡಿ ಅಂತ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ. ನಿಯಮ ಸರಳ: ಮಾರೋನು ನೀವು, ದುಡ್ಡು ಬರಬೇಕಾದ್ದು ನಿಮಗೆ. ನಿಮ್ಮಿಂದಲೇ ಮೊದಲು ದುಡ್ಡು ಕೇಳಿದರೆ ಫೋನ್ ಕಟ್ ಮಾಡಿ.

ಕಲಿಯೋ ಆಸೆ ಇದ್ದರೆ ಎ.ವಿ. ನರಸಿಂಹಮೂರ್ತಿ ಅವರು ಕರ್ನಾಟಕದ ನಾಣ್ಯಗಳ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಪುಸ್ತಕ ಹುಡುಕಿ. ಮುಂಬೈಗೆ ಹೋದಾಗ ಕೋಟೆ ಪ್ರದೇಶದಲ್ಲಿರೋ ರಿಸರ್ವ್ ಬ್ಯಾಂಕಿನ ನಾಣ್ಯ ಸಂಗ್ರಹಾಲಯ ನೋಡಿ. ಅಸಲಿ ನಾಣ್ಯಗಳನ್ನ ನೂರು ಸಲ ನೋಡಿದ ಕಣ್ಣಿಗೆ ಖೋಟಾ ತಾನಾಗೇ ಚುಚ್ಚುತ್ತೆ.

ಈ ವಾರ ಒಂದು ಕೆಲಸ ಮಾಡಿ. ಮನೆಯ ಗಂಟು ಬಿಚ್ಚಿಸಿ, ಪ್ರತಿ ನಾಣ್ಯದ ಎರಡೂ ಮುಖದ ಫೋಟೋ ತೆಗೆದು, ಇಸವಿ, ತೂಕ ಬರೆದಿಡಿ. ಯಾರಿಂದ ಬಂತು ಅಂತ ಅಜ್ಜಿಯನ್ನ ಕೇಳಿ, ಆ ಮಾತನ್ನ ಫೋನಿನಲ್ಲೇ ರೆಕಾರ್ಡ್ ಮಾಡಿಕೊಳ್ಳಿ. ಮಾರೋದು ಬಿಡೋದು ಆಮೇಲೆ ನಿಮ್ಮಿಷ್ಟ, ಲೆಕ್ಕವಂತೂ ನಿಮ್ಮ ಕೈಯಲ್ಲಿರುತ್ತೆ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ಬರ್ತೀನ್ರಿ, ನಮಸ್ಕಾರ.